ಹೊರಡಲೆಂದು ಮಡಚಿಟ್ಟ ಬಟ್ಟೆ

ಬ್ಯಾಗಿನಂಗಡಿಯವನು ಊರೂರು ಸುತ್ತಿರುತ್ತಾನೆ ಎಂದು ಜನ ತಿಳಿದುಕೊಳ್ಳುತ್ತಾರೆ. ಎಲ್ಲಿಯ ಮಾತು! ಇಪ್ಪತ್ತೆರಡು ವರ್ಷ ವಿಮಾನದೊಳಗೆ ಒಯ್ಯುವ ಬೆನ್ನುಚೀಲಗಳನ್ನು ಮಾರಿದ ಈ ಅಂಗಡಿಯಣ್ಣ ವಿಮಾನ ಹತ್ತುವುದಿರಲಿ, ಹತ್ತಿರದಿಂದ ನೋಡಿದವನೂ ಅಲ್ಲ. ಲೋಕವೆಲ್ಲ ಹೊರಡುವ ಹೊತ್ತಿಗೇ ಅವನಿಗೆ ಕೈತುಂಬ ಕೆಲಸ. ಹೆಂಡತಿ ಒಮ್ಮೆ ಸಮುದ್ರ ನೋಡಬೇಕೆಂದು ಎರಡು ಜೊತೆ ಬಟ್ಟೆ, ಒಂದು ಸ್ವೆಟರು, ಒಂದು ಟವೆಲ್ಲು ಮಡಚಿ, ತನ್ನ ಜಡೆಯ ರಿಬ್ಬನ್ನಿನಿಂದ ಕಟ್ಟಿಟ್ಟು ಮೂರು ವರ್ಷ ಕಾದಳು. "ಯಾವಾಗ್ರೀ ಹೋಗೋದು?" ಎಂದು ಕೇಳಿದಾಗಲೆಲ್ಲ ಇವನದು ಒಂದೇ ಉತ್ತರ, "ಸೀಸನ್ ಮುಗೀಲಿ ಇರೇ." ಹೋದ ವರ್ಷ ಸೀಸನ್ನಿನ ನಡುವೆಯೇ ಅವಳು ತೀರಿಕೊಂಡಳು.

ಆ ಗಂಟನ್ನು ಬಿಚ್ಚುವ ಧೈರ್ಯ ಅವನಿಗೆ ಬರಲಿಲ್ಲ. ಮನೆಯಲ್ಲಿ ನೋಡಲಾರದೆ ಅಂಗಡಿಗೆ ತಂದ. ಖಾಲಿ ಚೀಲ ತೋರಿಸಿದರೆ ಗಿರಾಕಿ ಕೊಳ್ಳುವುದಿಲ್ಲವಲ್ಲ, ಏನಾದರೂ ತುಂಬಿಯೇ ತೋರಿಸಬೇಕು. ಹಾಗೆ ಅವಳ ಗಂಟು ದಿನಕ್ಕೆ ಹತ್ತು ಚೀಲ ಹತ್ತಿ ಇಳಿಯತೊಡಗಿತು. ಸಂಜೆ ಷಟರು ಎಳೆಯುವಾಗ ಒಳಗಿನಿಂದ ಸ್ಪಷ್ಟವಾಗಿ ಕೇಳುತ್ತಿತ್ತು: ಯಾವಾಗ್ರೀ? ಇವನೂ ಅಭ್ಯಾಸಬಲದಿಂದ ಅದೇ ಉತ್ತರ ಕೊಟ್ಟು ಬೀಗ ಹಾಕುತ್ತಿದ್ದ. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಮೊನ್ನೆ ಒಬ್ಬ ಹುಡುಗಿ ಬಂದಳು. ಅಕ್ಕನಿಗೆ ಹೆರಿಗೆಯಾಗಿದೆ, ನಾಳೆ ಬೆಳಿಗ್ಗೆಯೇ ವಿಮಾನ, ಏಳು ಕೆ.ಜಿ. ಮೀರಿದರೆ ಒಳಗೆ ಬಿಡುವುದಿಲ್ಲವಂತೆ. ನೀಲಿಯದು ಹಗುರ, ಆದರೆ ಒಂದೇ ಖಾನೆ. ಕಪ್ಪಿನದಕ್ಕೆ ತಳದಲ್ಲಿ ಚಪ್ಪಲಿಗೆಂದು ಬೇರೆ ಜಿಪ್ಪಿನ ಖಾನೆ, ಆದರೆ ತುಸು ಭಾರ. ಅಂಗಡಿಯಣ್ಣ ಗಂಟನ್ನು ಕೊಕ್ಕೆ ತಕ್ಕಡಿಗೆ ತೂಗುಹಾಕಿದ. ಎರಡು ಕೆ.ಜಿ. ಬಂತು. ನೀಲಿಗೆ ಹಾಕಿ ತೆಗೆದ, ಕಪ್ಪಿಗೆ ಹಾಕಿ ತೆಗೆದ. ಅವಳು ಅದನ್ನು ಬೆನ್ನಿಗೇರಿಸಿದಳು, ಇದನ್ನು ಏರಿಸಿದಳು, ಕನ್ನಡಿ ನೋಡಿದಳು, ಮತ್ತೆ ಅದು. ಒಂದು ಗಂಟೆ ಅವನ ಜೀವ ಹಿಂಡಿ, ಕೊನೆಗೆ ಕಪ್ಪಿನದನ್ನೇ ಒಯ್ದಳು.

ಅವಳು ಹೋದ ಮೇಲೆ ನೋಡಿದರೆ ಸ್ಟೂಲಿನ ಮೇಲಿಟ್ಟ ಗಂಟಿಲ್ಲ. ಅಂಗಡಿಯನ್ನೆಲ್ಲ ತಲೆಕೆಳಗು ಮಾಡಿದ. ಬಿಲ್ಲಿನಲ್ಲಿದ್ದ ಅವಳ ನಂಬರಿಗೆ ಫೋನ್ ಹಚ್ಚಿ ಹಚ್ಚಿ ಸೋತ. ಹೆಂಡತಿ ಕೈಯಾರೆ ಮಡಚಿಟ್ಟದ್ದು ಉಳಿದಿದ್ದದ್ದು ಅದೊಂದೇ.

ಮರುದಿನ ಅಂಗಡಿ ತೆರೆಯುತ್ತಿದ್ದಂತೆ ಆ ಹುಡುಗಿಯದೇ ಫೋನ್ ಬಂತು, ವಿಮಾನ ನಿಲ್ದಾಣದಿಂದ. ತಪಾಸಣೆಯವರು, ಅವಳು ತೆರೆದೇ ಇರದಿದ್ದ ತಳದ ಖಾನೆ ತೆಗೆಸಿದಾಗ ಗಂಟು ಸಿಕ್ಕಿತಂತೆ.

"ಅಣ್ಣಾ, ನೀವು ಅದನ್ನ ತೆಗೆದು ಸ್ಟೂಲ್ ಮೇಲಿಟ್ರಲ್ಲ, ನಾನೇ ನೋಡಿದ್ದೆ. ಇನ್ನೊಂದು ಹೇಳ್ಲಾ? ನಿನ್ನೆ ಪ್ಯಾಕ್ ಮಾಡಿ ತೂಗಿದ್ರೆ ಸರಿಯಾಗಿ ಏಳಿತ್ತು. ನನ್ನ ಸಾಮಾನು ಒಂದೊಂದೇ ತೂಗಿ ಹಾಕಿದ್ದೆ, ಚೀಲ ಸೇರಿ ಅದೇ ಏಳಾಗುತ್ತೆ. ಇಲ್ಲೂ ಏಳೇ ಬಂತು. ಹಾಗಾದ್ರೆ ಈ ಗಂಟಿಗೆ ತೂಕಾನೇ ಇಲ್ವಾ?"

ಅವನು ಖಾಲಿ ಸ್ಟೂಲಿನತ್ತ ತಿರುಗಿ ನೋಡಿದ.

"ಇಲ್ಲೇ ಕೌಂಟರ್‌ನಲ್ಲಿ ಬಿಟ್ಟು ಹೋಗ್ಲಾ? ಬಂದು ತಗೋತೀರಾ? ಬೇಗ ಹೇಳಿ, ಕರೀತಿದ್ದಾರೆ."

ಬಿಟ್ಟು ಹೋಗಮ್ಮ, ಈಗಲೇ ಓಡಿ ಬರುತ್ತೇನೆ ಎನ್ನಲು ಬಾಯಿ ತೆರೆದ. ತಂದರೆ ಮತ್ತೆ ಎಲ್ಲಿ ಇಡುವುದು? ಮತ್ತೆ ಆ ಸ್ಟೂಲಿನ ಮೇಲೆ. ಮತ್ತೆ ಸಂಜೆ ಆ ಪ್ರಶ್ನೆ, ಮತ್ತೆ ಅದೇ ಹಾಳು ಉತ್ತರ.

"ನಿಮ್ಮಕ್ಕನ ಊರಲ್ಲಿ ಸಮುದ್ರ ಇದೆಯೇನಮ್ಮಾ?"

"ಇದೆ, ಮನೆಯಿಂದ ಕಾಣುತ್ತೆ. ಯಾಕಣ್ಣಾ?"

"ಹಾಗಾದ್ರೆ ಕರ್ಕೊಂಡು ಹೋಗು. ವಾಪಸ್ ತರೋದು ಬೇಡ."

ಆ ಸಂಜೆ ಷಟರನ್ನು ಅರ್ಧ ಎಳೆದು, ಕಿವಿ ಕೊಟ್ಟು ನಿಂತ. ಒಳಗಿನಿಂದ ಯಾರೂ ಏನೂ ಕೇಳಲಿಲ್ಲ. ಷಟರಿಗೆ ಹಣೆಯಾನಿಸಿ, "ಸೀಸನ್ ಮುಗೀತು ಕಣೇ" ಎಂದು ಅವನೇ ಹೇಳಿದ. ಉತ್ತರಿಸಲು ಅವಳಿರಲಿಲ್ಲ.