ಒಮ್ಮೆ ಅಗೆದ ಮಣ್ಣು

ಗಂಟೆಗೆ ಎಷ್ಟು ಎಂದು ರಂಗನಾಥ ಗೌಡರು ಕೇಳಲಿಲ್ಲ. ಶಶಿಧರನಿಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲೇ.

ಬಣಕಲ್ಲಿನಲ್ಲಿ ಒಂದು ಹಿಟಾಚಿ ಇಟ್ಟುಕೊಂಡು ಒಂಬತ್ತು ವರ್ಷದಿಂದ ತೋಟಗಳ ಮಣ್ಣು ಕೆಲಸ ಮಾಡಿಸುತ್ತಿದ್ದ ಅವನಿಗೆ ದರ ಕೇಳದ ಪ್ಲಾಂಟರು ಈವರೆಗೆ ಸಿಕ್ಕಿರಲಿಲ್ಲ. ಗೌಡರು ಫೋನಿನಲ್ಲಿ ಹೇಳಿದ್ದು ಇಷ್ಟು: ಜಾವಳಿ ಊರಿನ ಮೇಲಿರುವ ತಮ್ಮ ತೋಟದ ಗುಡ್ಡದಂಚಿನ ಹಳೇ ಅಗಳ ಮುಚ್ಚಿಹೋಗಿದೆ, ಕಾಟಿಗಳು, ಅದೇ ಕಾಡುಕೋಣಗಳು, ನುಗ್ಗಿ ಕಾಫಿ ಗಿಡ ಮುರಿಯುತ್ತಿವೆ, ಮಳೆ ಹಿಡಿಯುವ ಮುಂಚೆ ಬಿಡಿಸಿಕೊಡಬೇಕು. ಎರಡನೇ ಶನಿವಾರವೇ ಬರಬೇಕು. ಮುಂದಿನ ಗೇಟಿಗೆ ಬೇಡ, ಹಿಂದಿನ ಮೋರಿಯ ಹತ್ತಿರ ಮೆಷಿನ್ ಇಳಿಸಿಕೊಳ್ಳಿ.

ಅಗಳವೆಂದರೆ ತೋಟದ ಗಡಿಗೆ ತೋಡುವ ಆಳುದ್ದ ಆಳದ ಕಂದಕ. ಅದರ ಆಚೆ ಏನಿದೆ ಎಂದು ಶಶಿಧರ ಕೇಳಿದ.

"ಆಚೆ ಕಾಡು. ಮತ್ತೇನಿರುತ್ತೆ?" ಎಂದು ಗೌಡರು ನಕ್ಕರು.

ಆ ನಗು ಅವನಿಗೆ ಹಿಡಿಸಲಿಲ್ಲ. ನಾಲ್ಕು ವರ್ಷದ ಹಿಂದೆ ಇನ್ನೊಂದು ತೋಟದವರು ಹೀಗೇ ನಗುತ್ತ ರಸ್ತೆ ಕಡಿಸಿದ್ದರು. ಅವರ ಮಾತು ನಂಬಿ ಕಡಿದ ರಸ್ತೆಯಲ್ಲಿ ಅರ್ಧ ಮೀಸಲು ಅರಣ್ಯದೊಳಗಿತ್ತು. ತೋಟದವರು ವಕೀಲರನ್ನು ಹಿಡಿದು ಪಾರಾದರು. ಮೆಷಿನ್ ಮಾತ್ರ ರೇಂಜ್ ಆಫೀಸಿನ ಅಂಗಳದಲ್ಲಿ ಹನ್ನೊಂದು ತಿಂಗಳು ನಿಂತಿತು. ಬಿಡಿಸಿಕೊಳ್ಳಲು ಹೋದ ದಿನ ಬೂಮಿನ ಉದ್ದ ತೋಳಿನ ಮೇಲೆ ಯಾವುದೋ ಬಳ್ಳಿ ಹಬ್ಬಿ ಹೂ ಬಿಟ್ಟಿತ್ತು, ಸೀಟಿನ ಸ್ಪಂಜು ಇಲಿಗಳ ಪಾಲಾಗಿತ್ತು. ಎರಡನೇ ಸಲ ಸಿಕ್ಕಿದರೆ ಬಿಡುವ ಮಾತೇ ಇಲ್ಲ, ಸೀದಾ ಮುಟ್ಟುಗೋಲು ಎಂದು ಅಲ್ಲಿನವರು ಹೇಳಿ ಕಳಿಸಿದ್ದರು. ಅವನಿಗೆ ಇದ್ದದ್ದು ಅದೊಂದೇ ಮೆಷಿನ್.

ಈ ಕೆಲಸ ತಂದವನು ಆಪರೇಟರ್ ಕಲ್ಲೇಶ. ಕಳಸದ ಕಡೆಯವನು, ಏಳು ವರ್ಷದಿಂದ ಜೊತೆಗಿದ್ದವನು. ಆ ಹನ್ನೊಂದು ತಿಂಗಳು ಬೇರೆಯವರ ಹತ್ತಿರ ದುಡಿದು, ಮೆಷಿನ್ ಬಿಡುಗಡೆಯಾದ ವಾರದಲ್ಲೇ ವಾಪಸ್ ಬಂದಿದ್ದ.

"ಗೌಡ್ರು ಒಳ್ಳೇವ್ರು ಅಣ್ಣ. ಮುಂಚೆ ನಾನು ಅವ್ರ ತೋಟದಲ್ಲಿ ಕೆರೆ ಹೂಳು ತೆಗ್ದಿದೀನಿ."

"ಒಳ್ಳೇವ್ರು ಅಂತ ನಿಂಗೆ ಯಾರು ಹೇಳಿದ್ದು?"

"ಅವ್ರ ಮನೆ ಕಡುಬು ಹೇಳ್ತು."

ಶಶಿಧರ ನಗಲಿಲ್ಲ. ಎರಡನೇ ಶನಿವಾರ ಸರ್ಕಾರಿ ರಜೆ, ಸರ್ವೆಯವರಾಗಲಿ ತಾಲ್ಲೂಕು ಆಫೀಸಿನವರಾಗಲಿ ಯಾರೂ ಓಡಾಡದ ದಿನ ಎಂಬುದು ಅವನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಶನಿವಾರ ಎಂಟೂವರೆಗೆ ಸುಬ್ಬಣ್ಣನ ಲಾರಿ ಗುಡ್ಡದ ಹಿಂಬದಿಯ ಮೋರಿ ಮುಟ್ಟಿತು. ಹಿಟಾಚಿ ಹೊರುವ ಲಾರಿ ಓಡಿಸಿಯೇ ತಲೆ ಹಣ್ಣಾದ ಮನುಷ್ಯ ಸುಬ್ಬಣ್ಣ. ರಸ್ತೆ ಪಕ್ಕದ ದರೆಗೆ ಲಾರಿಯ ಹಿಂಬದಿ ಒತ್ತಿ ನಿಲ್ಲಿಸಿದ. ಲಾರಿಯ ಹಲಗೆಯಷ್ಟೇ ಎತ್ತರದ ಮಣ್ಣಿನ ದರೆ ಸಿಕ್ಕಿದರೆ ಸಾಕು, ಮೆಷಿನ್ ತಾನೇ ನಡೆದು ಇಳಿಯುತ್ತದೆ. ಕಲ್ಲೇಶ ಇಳಿಸಿಕೊಂಡು ಗುಡ್ಡಕ್ಕೆ ಹತ್ತಿಸಿದ. ಶಶಿಧರ ಹಿಂದಿನಿಂದ ನಡೆದ.

ತೋಟದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಏಪ್ರಿಲ್ ತಿಂಗಳು, ಹೂಮಳೆ ಬಿದ್ದು ಗಿಡಕ್ಕೆ ಕೈಯಾಡಿಸುವ ಕಾಲ. ಆದರೂ ಕೂಲಿ ಲೈನಿನ ಬಾಗಿಲುಗಳಿಗೆಲ್ಲ ಬೀಗ, ರೈಟರೂ ಇಲ್ಲ, ಮೇಸ್ತ್ರಿಯೂ ಇಲ್ಲ. ಗೌಡರೊಬ್ಬರೇ ಜೀಪಿಗೆ ಒರಗಿ ನಿಂತಿದ್ದರು. ಅರವತ್ತರ ಮೇಲಿನ ತೆಳ್ಳನೆ ಆಳು, ಮೊಣಕಾಲಿನವರೆಗೆ ಬೂಟು. ಅವರ ಮುಂದೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ಗುಡ್ಡದ ಅಂಚಿನುದ್ದಕ್ಕೂ ಹೋಗಿತ್ತು.

"ಇದೇ ಗೆರೆ. ಇದ್ರ ಮೇಲೇ ಹೋಗ್ಲಿ ಶಶಿಧರ್ ಅವ್ರೇ."

ಗೆರೆಯಿಂದ ಹತ್ತು ಮಾರು ಈಚೆಗೆ, ಕಾಫಿ ಗಿಡ ಮುಗಿಯುವಲ್ಲೇ, ತರಗೆಲೆ ತುಂಬಿದ ಉದ್ದನೆಯ ತಗ್ಗು ಶಶಿಧರನ ಕಣ್ಣಿಗೆ ಬಿತ್ತು. ತಗ್ಗಿಗೂ ಗೆರೆಗೂ ನಡುವೆ ಒಂದೂ ಕಾಫಿ ಗಿಡವಿಲ್ಲ. ಬರೀ ಲಂಟಾನ, ಅದರ ನಡುವೆ ಎರಡು ದೊಡ್ಡ ನಂದಿ ಮರ.

"ಆ ತಗ್ಗು ಏನು ಗೌಡ್ರೆ? ಅಗಳ ಅದೇ ಇದ್ದ ಹಾಗಿದೆಯಲ್ಲ."

"ಅದು ಮಳೆ ನೀರಿನ ಜಾಡು. ನಮ್ಮಜ್ಜ ತೆಗೆಸಿದ ಅಗಳ ಇಲ್ಲಿತ್ತು, ಈ ಗೆರೆ ಮೇಲೆ."

"ಸರ್ವೆ ನಕ್ಷೆ ಏನಾದ್ರೂ ಇದ್ಯಾ?"

"ಅಜ್ಜನ ಅಗಳಕ್ಕೆ ನಕ್ಷೆ ಯಾಕೆ ಮಾರಾಯ್ರೆ!"

ಮತ್ತೆ ಅದೇ ನಗು. ಆಮೇಲೆ ಅವರು ಕಲ್ಲೇಶನನ್ನು ಕೈಸನ್ನೆ ಮಾಡಿ ಜೀಪಿನ ಮರೆಗೆ ಕರೆದರು. ಹೆಗಲ ಮೇಲೆ ಕೈ ಹಾಕಿ ಏನೋ ಕೇಳಿದರು. ಕಲ್ಲೇಶ ತಿರುಗಿ ಶಶಿಧರನನ್ನೊಮ್ಮೆ ನೋಡಿ, ಇಲ್ಲ ಎಂಬಂತೆ ತಲೆಯಾಡಿಸಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಶಶಿಧರನಿಗೆ ಖಾತ್ರಿಯಾಯಿತು: ಇವನೂ ಸೇರಿದ್ದಾನೆ. ಗ್ರೀಸ್ ಗನ್ ಲಾರಿಯಲ್ಲೇ ಉಳಿಯಿತು ಎಂದು ಹೇಳಿ ಮೋರಿಗೆ ಇಳಿದ. ಫೋನಿಗೆ ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ರೇಣುಕಪ್ರಸಾದ್ ಎಂಬ ಫಾರೆಸ್ಟ್ ಗಾರ್ಡ್ ಅವನಿಗೆ ಪರಿಚಯ. ಆ ಹನ್ನೊಂದು ತಿಂಗಳ ಅಲೆದಾಟದಲ್ಲಿ ಮುಖ ಕೊಟ್ಟು ಮಾತಾಡಿಸಿದವನು ಅವನೊಬ್ಬನೇ. ಅವನಿಗೆ ವಾಟ್ಸಾಪ್ ಬರೆದ: "ಜಾವಳಿ ಮೇಲೆ ರಂಗನಾಥ ಗೌಡರ ತೋಟಕ್ಕೆ ಅಗಳ ತೆಗೆಯಲು ಬಂದಿದ್ದೇನೆ. ಗಡಿ ಬಗ್ಗೆ ಅನುಮಾನ ಇದೆ. ಬಂದು ನೋಡಿ. ನನ್ನ ಹೆಸರು ಬರುವುದು ಬೇಡ."

ಕಳಿಸಿದ ಮೇಲೆ ಹಗುರವೆನಿಸಿತು. ಇನ್ನು ಏನೇ ಆದರೂ ತಿಳಿಸಿದವನು ತಾನು; ಮೆಷಿನ್ನಿಗೆ ತೊಂದರೆಯಿಲ್ಲ.

ವಾಪಸ್ ಬಂದು, "ಮೊದ್ಲು ಒಂದು ಕಡೆ ಆಳ ತೆಗ್ದು ನೋಡು" ಎಂದು ಕಲ್ಲೇಶನಿಗೆ ಹೇಳಿದ.

ಯಾರೂ ಮುಟ್ಟದ ಗುಡ್ಡದಲ್ಲಿ ಮೇಲೊಂದು ಗೇಣು ಕಪ್ಪು ಮಣ್ಣು, ಅದರಡಿ ಕೆಂಪು, ಅದರಡಿ ಹಳದಿ, ಒಂದರೊಳಗೆ ಒಂದು ಸೇರದೆ ಪದರ ಪದರವಾಗಿರುತ್ತವೆ. ಒಮ್ಮೆ ಅಗೆದು ಮುಚ್ಚಿದ್ದರೆ ಮೂರೂ ಕಲಸಿಹೋಗಿರುತ್ತವೆ. ನೂರು ವರ್ಷವಾದರೂ ಮತ್ತೆ ಬೇರೆಯಾಗುವುದಿಲ್ಲ. ಮಣ್ಣಿನ ಕೆಲಸದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಣ್ಣಿಗೆ ಕಾಣುವ ಮುಂಚೆ ಆಪರೇಟರನ ಕೈಯಲ್ಲಿರುವ ಲಿವರಿಗೇ ತಿಳಿಯುತ್ತದೆ.

ಬಕೆಟ್ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು.

"ಅಣ್ಣಾ, ಬೆಣ್ಣೆ!" ಎಂದು ಕಲ್ಲೇಶ ಕ್ಯಾಬಿನ್ನಿನಿಂದ ಕೂಗಿದ. "ಮೆಷಿನ್ನಿಗೆ ಭಾರಾನೇ ಗೊತ್ತಾಗ್ತಿಲ್ಲ. ಇದು ಅಗೆದ ಜಾಗ."

ಶಶಿಧರ ಗುಂಡಿಗೆ ಇಳಿದ. ಐದು ಅಡಿ ಆಳದಲ್ಲೂ ಕೊಳೆತ ಎಲೆ. ಕಪ್ಪು, ಕೆಂಪು, ಹಳದಿ ಎಲ್ಲ ಕಲಸುಮೇಲೋಗರ. ಕಲಸಿದ ಮಣ್ಣು ಕೈಯಿಂದ ಕೆರೆದರೆ ಉದುರಿತು, ಅದರ ಹಿಂದೆ ಗಟ್ಟಿ ಗೋಡೆ ಎದ್ದಿತು. ಗೋಡೆಯ ಮೇಲೆ ಗುದ್ದಲಿಯ ಹಳೇ ಏಟುಗಳು ಒಂದರ ಪಕ್ಕ ಒಂದು. ಅವನು ಬೆರಳಿಟ್ಟು ನೋಡಿದ. ಗೌಡರು ಹೇಳಿದ್ದು ನಿಜವೇ ಆಗಿತ್ತು.

ಮತ್ತೆ ಮೋರಿಗೆ ಓಡಿದ. ಮೆಸೇಜಿನ ಕೆಳಗೆ ಎರಡೂ ಗೀಟು ನೀಲಿಯಾಗಿದ್ದವು. ಫೋನ್ ಮಾಡಿದ. ರಿಂಗಾಯಿತು, ರೇಣುಕಪ್ರಸಾದ್ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಬೈಕಿನ ಮೇಲಿರಬಹುದು ಎಂದುಕೊಂಡು ಗುಡ್ಡ ಹತ್ತಿದ.

ಮಧ್ಯಾಹ್ನ ಗೌಡರು ಜೀಪಿನಿಂದ ಟಿಫಿನ್ ಕ್ಯಾರಿಯರ್ ಇಳಿಸಿದರು. ಕಡುಬು, ಸಿಹಿಗುಂಬಳದ ಪಲ್ಯ, ಕಾಯಿಚಟ್ನಿ.

"ನೀವು ಕೋಳಿಗೀಳಿ ತಿನ್ನಲ್ಲ ಅಂತ ಗೊತ್ತಿರ್ಲಿಲ್ಲ. ಎದುರಿಗೇ ಕೇಳಿದ್ರೆ ಏನಂದ್ಕೊಳ್ತೀರೋ ಅಂತ ಬೆಳಿಗ್ಗೆ ಕಲ್ಲೇಶನ್ನ ಕರ್ದು ಕೇಳ್ದೆ."

"ನಿಮ್ಮಿಂದಾಗಿ ನಂಗೂ ಕುಂಬಳಕಾಯಿ" ಎಂದ ಕಲ್ಲೇಶ. "ಕೋಳಿ ಬದುಕ್ತು, ಪಾಪ."

ಶಶಿಧರ ಮುರಿದ ಕಡುಬನ್ನು ಹಾಗೇ ಬಿಟ್ಟ. ನೀರು ಕುಡಿದು, ತೋಟದಲ್ಲಿ ಯಾಕೆ ಯಾರೂ ಇಲ್ಲ ಎಂದು ಕೇಳಿದ. ಮೇಸ್ತ್ರಿಯ ಮಗಳ ಮದುವೆ, ಆಳುಗಳೆಲ್ಲ ಅಲ್ಲಿದ್ದಾರೆ, ಮೇಲಿಂದ ಕಲ್ಲು ಉರುಳಿದರೆ ಕೆಳಗೆ ಜನ ಇರಬಾರದೆಂದೇ ಈ ದಿನ ಹೇಳಿದ್ದು ಎಂದರು ಗೌಡರು. ಗೇಟಿನ ಮುಂದೆ ಹಳ್ಳಕ್ಕೆ ಹಾಕಿದ ಸಂಕ ಹೋದ ಮಳೆಗೆ ಬಿರುಕು ಬಿಟ್ಟಿದೆ, ಲಾರಿ ತಡೆಯುವುದಿಲ್ಲ. ಗಂಟೆಯ ದರ ಕಲ್ಲೇಶ ಮೊದಲೇ ಹೇಳಿದ್ದ. ಕೇಳಿದ್ದಕ್ಕೆಲ್ಲ ಉತ್ತರ ಇತ್ತು. ಇಷ್ಟು ಸಲೀಸಾಗಿ ಇತ್ತಲ್ಲ ಎಂದು ಶಶಿಧರನ ಮನಸ್ಸು ಆಗಲೂ ಒಂದು ಸಣ್ಣ ಎಳೆ ಹಿಡಿದುಕೊಂಡೇ ಇತ್ತು.

ಊಟವಾದ ಮೇಲೆ ಕಲ್ಲೇಶ ಮೋರಿಗೆ ಹೋಗಿ ಫೋನಿನಲ್ಲಿ ಮಾತಾಡುತ್ತ ನಿಂತ. ಗೌಡರು ಮೇಲಿನಿಂದ ನೋಡಿದರು. ಕೆಲಸ ಮತ್ತೆ ಶುರುವಾಯಿತು.

ಮೂರು ಗಂಟೆಗೆ ಬೈಕಿನ ಸದ್ದು ಕೇಳಿಸಿತು. ರೇಣುಕಪ್ರಸಾದ್ ಬಂದ. ಗುಂಡಿ ನೋಡಿದ, ಗೆರೆ ನೋಡಿದ, ಫೋಟೊ ತೆಗೆದುಕೊಂಡ. ಶಶಿಧರನ ಕಡೆ ಮಾತ್ರ ಒಮ್ಮೆಯೂ ನೋಡಲಿಲ್ಲ.

"ಅಗಳ ಇದ್ದಿದ್ದು ಹೌದು ಗೌಡ್ರೆ. ಆದ್ರೆ ಯಾರು ತೆಗೆಸಿದ್ದು, ಯಾವ ಜಾಗದಲ್ಲಿ ತೆಗೆಸಿದ್ದು ಅಂತ ಮಣ್ಣು ಹೇಳಲ್ವಲ್ಲ. ದೂರು ಬಂದಿದೆ. ರೆವಿನ್ಯೂದವ್ರ ಜೊತೆ ಜಂಟಿ ಸರ್ವೆ ಆಗೋವರೆಗೆ ನಿಲ್ಸಿ."

"ಯಾರದ್ರೀ ದೂರು?"

"ಅದನ್ನ ಹೇಳೋ ಹಾಗಿಲ್ಲ. ಮೆಷಿನ್ ಹಿಡಿಯಲ್ಲ, ಇವತ್ತೇ ಕೆಳಗೆ ಇಳಿಸ್ಕೊಂಡು ಹೋಗ್ಲಿ."

ಬೈಕು ಇಳಿದು ಹೋದ ಮೇಲೂ ಗೌಡರು ಅದೇ ದಾರಿ ನೋಡುತ್ತ ನಿಂತಿದ್ದರು. "ಜಂಟಿ ಸರ್ವೆ ಅಂದ್ರೆ ಎರಡು ಮಳೆಗಾಲ. ಅಷ್ಟರಲ್ಲಿ ಕಾಟಿಗಳು ಈ ಬ್ಲಾಕ್ ಮುಗಿಸಿರ್ತಾವೆ" ಎಂದರು. ಆಮೇಲೆ ಕಲ್ಲೇಶನ ಕಡೆ ತಿರುಗಿದರು.

"ಮೋರಿ ಹತ್ರ ಯಾರಿಗೆ ಮಾರಾಯ ಫೋನ್ ಮಾಡಿದ್ದು?"

"ಮನೆಗೆ ಗೌಡ್ರೆ."

"ಕಾಲು ಗಂಟೆ?"

"ಹೆಂಡ್ತಿ ಹತ್ರ ಕಾಲು ಗಂಟೆ ಅಂದ್ರೆ ಕಮ್ಮೀನೇ..."

ಯಾರೂ ನಗಲಿಲ್ಲ. ಕಲ್ಲೇಶನ ಮುಖದ ನಗುವೂ ನಿಂತಿತು.

"ನನ್ನ ಮನೆ ಕಡುಬು ತಿಂದು ಕೈ ತೊಳೆದಿದ್ದು ಇನ್ನೂ ಆರಿಲ್ಲವೋ" ಎಂದರು ಗೌಡರು, ದನಿ ಏರಿಸದೆ. "ಶಶಿಧರ್ ಅವ್ರೇ, ನಿಮ್ಮ ಮೇಲೆ ನಂಗೆ ಬೇಜಾರಿಲ್ಲ. ಸರ್ವೆ ಆದ್ಮೇಲೆ ನೀವೇ ಬನ್ನಿ. ನನ್ನ ಭಾವನ ತೋಟದಲ್ಲೂ ಕೆಲಸ ಇದೆ, ಹೇಳ್ತೀನಿ. ಆದ್ರೆ ಇವನ್ನ ಬಿಟ್ಟು ಬನ್ನಿ."

ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಮೂಡಿಗೆರೆ ತಾಲ್ಲೂಕಿನಲ್ಲಿ ಒಬ್ಬ ಪ್ಲಾಂಟರಿಗೆ ಗೊತ್ತಾದದ್ದು ಇನ್ನೊಬ್ಬರಿಗೆ ಗೊತ್ತಾಗಲು ಒಂದು ವಾರ ಬೇಡ. ಫಾರೆಸ್ಟಿನವರಿಗೆ ಫೋನ್ ಮಾಡುವ ಮೆಷಿನ್ ಓನರನ್ನು ಆಮೇಲೆ ಯಾವ ತೋಟದವರೂ ಕರೆಯುವುದಿಲ್ಲ. ಆಪರೇಟರ್ ಬೇರೆ ಸಿಗುತ್ತಾನೆ. ಶಶಿಧರ ಗುಂಡಿಯ ಪಕ್ಕದ ಹಸಿ ಮಣ್ಣನ್ನು ಬೂಟಿನಿಂದ ಒತ್ತುತ್ತ ನಿಂತ. ಕಲ್ಲೇಶ ಅವನ ಮುಖವನ್ನೇ ನೋಡುತ್ತಿದ್ದ.

"ಅವನಲ್ಲ ಗೌಡ್ರೆ. ನಾನು."

ಗೌಡರು ತಲೆಯಾಡಿಸಿದರು. "ಆಳನ್ನ ಬಿಟ್ಟುಕೊಡಲ್ಲ ನೀವು. ಅದು ದೊಡ್ಡ ಗುಣ. ಆದ್ರೆ ಇಂಥೋನಿಗೆ ಬೇಡ."

ಶಶಿಧರ ಜೇಬಿನಿಂದ ಫೋನ್ ತೆಗೆದು, ಮೆಸೇಜ್ ಬಿಡಿಸಿ, ಅವರ ಕೈಗೆ ಕೊಟ್ಟ.

ಗೌಡರು ಕನ್ನಡಕ ಹುಡುಕಿ ಹಾಕಿಕೊಂಡು ನಿಧಾನವಾಗಿ ಓದಿದರು. ಕೊನೆಯ ಸಾಲನ್ನು ಮಾತ್ರ ಬಾಯಿಬಿಟ್ಟು ಓದಿದರು. "ನನ್ನ ಹೆಸರು ಬರುವುದು ಬೇಡ." ಆಮೇಲೆ ಸಮಯ ನೋಡಿದರು. "ಒಂಬತ್ತೂ ಹತ್ತು. ನೀವು ಆಗ ಒಂದು ಬಕೆಟ್ ಮಣ್ಣು ತೆಗೆದಿರ್ಲಿಲ್ಲ."

"ಇಲ್ಲ."

"ನನ್ನನ್ನೇ ಕೇಳಬಹುದಿತ್ತು."

"ಕೇಳಿದ್ದೆ. ನಕ್ಷೆ ಕೇಳಿದ್ದೆ."

ಗೌಡರು ಕನ್ನಡಕ ತೆಗೆದರು. "ಹೌದು, ಕೇಳಿದ್ರಿ" ಎಂದರು. ಫೋನ್ ವಾಪಸ್ ಕೊಟ್ಟರು. "ಮೆಷಿನ್ ತಗೊಂಡ್ ಹೋಗಿ." ಕಲ್ಲೇಶನ ಮುಖ ನೋಡದೆ ಜೀಪು ಹತ್ತಿದರು.

ಕಲ್ಲೇಶ ಮೆಷಿನ್ ಗುಡ್ಡದಿಂದ ಇಳಿಸಿದ, ಶಶಿಧರ ಹಿಂದಿನಿಂದ ನಡೆದ. ದರೆಯ ಹತ್ತಿರ ಕಲ್ಲೇಶ ಎಂಜಿನ್ ಸಣ್ಣ ಮಾಡಿ ಕ್ಯಾಬಿನ್ನಿನ ಬಾಗಿಲು ತೆರೆದ.

"ನಂಗೆ ಯಾಕೆ ಒಂದು ಮಾತು ಹೇಳ್ಲಿಲ್ಲ ಅಣ್ಣ?"

ಶಶಿಧರ ಚೈನಿಗೆ ಸಿಕ್ಕಿದ್ದ ಲಂಟಾನದ ಕಡ್ಡಿ ಎಳೆದು ಹಾಕಿದ.

"ನಾನೂ ಅವ್ರ ಜೊತೆ ಸೇರ್ಕೊಂಡಿದೀನಿ ಅಂದ್ಕೊಂಡ್ರಾ?"

"ಅಂದ್ಕೊಂಡೆ."

ಕಲ್ಲೇಶ ಸ್ಟೀರಿಂಗ್ ಇಲ್ಲದ ಆ ಕ್ಯಾಬಿನ್ನಿನಲ್ಲಿ ಎರಡು ಲಿವರುಗಳ ನಡುವೆ ಕೈಚೆಲ್ಲಿ ಕೂತ. "ಒಳ್ಳೇದಾಯ್ತು ಬಿಡಿ, ಹೇಳಿದ್ರಲ್ಲ" ಎಂದ.

ಲಾರಿಗೆ ಹತ್ತಿಸುವುದು ಇಳಿಸಿದಷ್ಟು ಸುಲಭವಲ್ಲ. ಚೈನಿಗೂ ಹಲಗೆಯ ಅಂಚಿಗೂ ನಡುವೆ ಎರಡೂ ಕಡೆ ಅಂಗೈಯಷ್ಟೇ ಜಾಗ. ಒಳಗೆ ಕೂತವನಿಗೆ ಆ ಅಂಚು ಕಾಣುವುದಿಲ್ಲ. ಲಾರಿಯ ಮುಂದಿನ ಕಡೆ ನಿಂತವನು ತೋರಿಸಿದ ಕೈ ನೋಡಿಕೊಂಡೇ ಏಳು ಟನ್ ಕಬ್ಬಿಣವನ್ನು ಮೇಲಕ್ಕೆ ತರಬೇಕು. ಏಳು ವರ್ಷದಿಂದ ಅಲ್ಲಿ ನಿಲ್ಲುತ್ತಿದ್ದವನು ಶಶಿಧರ. ಈಗಲೂ ಅಭ್ಯಾಸದಂತೆ ಹೋಗಿ ಲಾರಿಯ ಕ್ಯಾಬಿನ್ನಿನ ಪಕ್ಕದಲ್ಲಿ ನಿಂತು ಕೈ ಎತ್ತಿದ.

ಮೆಷಿನ್ ಕದಲಲಿಲ್ಲ.

"ಸುಬ್ಬಣ್ಣ" ಎಂದು ಕಲ್ಲೇಶ ಕೂಗಿದ. "ಇಲ್ಲಿ ಬನ್ನಿ. ನೀವು ಕೈ ತೋರ್ಸಿ."

"ನಾನಾ?" ಎಂದ ಸುಬ್ಬಣ್ಣ. ಬೀಡಿಯನ್ನು ಬಾಯಿಂದ ತೆಗೆದು ಇಬ್ಬರ ಮುಖವನ್ನೂ ನೋಡಿದ. "ನಂಗೆ ಅಭ್ಯಾಸ ಇಲ್ಲ ಮಾರಾಯ."

"ಪರವಾಗಿಲ್ಲ. ನೀವೇ ತೋರ್ಸಿ."

ಶಶಿಧರ ಎತ್ತಿದ ಕೈ ಇಳಿಸಿ ಮೋರಿಯ ಕಡೆಗೆ ಸರಿದು ನಿಂತ. ಸುಬ್ಬಣ್ಣ ಬೀಡಿ ಹೊಸಕಿ ಹಾಕಿ, ಎರಡೂ ಅಂಗೈ ಮುಂದೆ ಹಿಡಿದು, ಅಳುಕುತ್ತಳುಕುತ್ತ ಬಾ ಬಾ ಎಂದು ಕರೆಯತೊಡಗಿದ.