ಏಳನೇ ಪ್ರಶ್ನೆ

"ನಾಳೆ ತಾರೀಖು ಹಾಕ್ಲಾ, ಥೇಡಾ? ಒಂದು ದಿನ ಹೆಚ್ಚಿಗೆ ಸಿಗತ್ತೆ ನಿಂಗೆ," ಎಂದಳು ಅಂಚೆಯ ವೀಬ್ಕೆ, ಹಳದಿ ಲಕೋಟೆಯನ್ನು ಬಾಗಿಲಿಗೆ ಒತ್ತಿ ಹಿಡಿದು ಪೆನ್ನು ತೆಗೆಯುತ್ತ.

"ಬೇಡಮ್ಮ. ನಿನ್ನ ಕೆಲಸ ಹೋದ್ರೆ ನಿನ್ನನ್ನೂ ನಾನೇ ಸಾಕ್ಬೇಕು. ಇನ್ನೊಂದು ಮಂಚಕ್ಕೆ ಜಾಗ ಇಲ್ಲ ಮನೇಲಿ."

ವೀಬ್ಕೆ ನಕ್ಕು ಆ ದಿನದ ತಾರೀಖನ್ನೇ ಬರೆದಳು. ಹಳದಿ ಲಕೋಟೆ ಅಂದರೆ ಕೋರ್ಟಿನದು. ಅಂಚೆಯವರು ಮೇಲೆ ಬರೆದ ದಿನದಿಂದ ಗಡುವು ಓಡತೊಡಗುತ್ತದೆ. ಕಡಲ ಏರಿಯ ಕೆಳಗಿನ ಆ ಬೀದಿಯಲ್ಲಿ ಥೇಡಾಳ ಮನೆಯಷ್ಟು ಹಳದಿ ಲಕೋಟೆ ಬಂದ ಮನೆ ಇನ್ನೊಂದಿರಲಿಲ್ಲ.

"ಐಲರ್ಟ್ ಹೇಗಿದಾನೆ?"

"ದೂರೇನಿಲ್ಲ," ಎಂದಳು ಥೇಡಾ.

ಜರ್ಮನಿಯ ಆ ಕಡಲಂಚಿನಲ್ಲಿ ಅದು ದೊಡ್ಡ ಮಾತು. ಬೈಯಲಿಲ್ಲ ಅಂದರೆ ಹೊಗಳಿದ ಹಾಗೆ ಅನ್ನುವ ಜನ ಅವರು. ಮದುವೆಯಾದ ಮೇಲೆ ಥೇಡಾ ಮಾಡಿದ ಮೊದಲ ಊಟವನ್ನು ಐಲರ್ಟ್ ಒಂದು ಮಾತೂ ಆಡದೆ ಉಂಡು ಮುಗಿಸಿದ್ದ. ಅವಳ ಅತ್ತೆ ಆಮೇಲೆ ಅವಳನ್ನು ಅಡುಗೆಮನೆಗೆ ಕರೆದು, "ಬಹಳ ಇಷ್ಟಪಟ್ಟ ನೋಡು," ಎಂದಿದ್ದಳು. ಅಂದಿನಿಂದ ನಲವತ್ತೊಂದು ವರ್ಷ ಥೇಡಾ ಗಂಡನನ್ನು ಅದೇ ಅಳತೆಯಲ್ಲಿ ಅಳೆಯುತ್ತ ಬಂದಿದ್ದಳು. ಸುಮ್ಮನಿದ್ದಾನೆ, ಅಂದರೆ ಚೆನ್ನಾಗಿದ್ದಾನೆ.

ನಾಲ್ಕು ವರ್ಷದ ಹಿಂದೆ ಐಲರ್ಟ್‌ನ ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು. ಮೂವತ್ತು ವರ್ಷ ತೂಬಿನ ಬಾಗಿಲು ತೆರೆದು ಮುಚ್ಚಿ ಕಡಲನ್ನು ಊರೊಳಗೆ ಬಿಡದೆ ಕಾದವನು. ಈಗ ಚಮಚೆಯನ್ನು ಬಾಯಿಗೊಯ್ಯಲೂ ಇನ್ನೊಬ್ಬರ ಕೈ ಬೇಕು. ಅದಕ್ಕೆ ಥೇಡಾ ಅಳಲಿಲ್ಲ, ತೋಳೇರಿಸಿ ಕೆಲಸಕ್ಕಿಳಿದಳು. ಅವಳನ್ನು ಅಳಿಸಿದ್ದು ಕಾಗದ. ಹೆಂಡತಿಯಾದರೂ ಅವನ ಪರವಾಗಿ ರುಜು ಹಾಕಲು ಕೋರ್ಟು ಅವಳನ್ನು ಪಾಲಕಿ ಎಂದು ನೇಮಿಸಬೇಕಾಯಿತು. ನೇಮಿಸಿದ ಮೇಲೆ ವರ್ಷಕ್ಕೊಂದು ವರದಿ, ವರದಿಗೊಂದು ವೈದ್ಯರ ಪತ್ರ, ವೈದ್ಯರ ಪತ್ರ ಆರು ತಿಂಗಳಿಗಿಂತ ಹಳೆಯದಾದರೆ ಇನ್ನೊಂದು. ಒಂದು ಸಲ ಗುರುತಿನ ಚೀಟಿಗೆ ಬಾಯಿ ಮುಚ್ಚಿದ ಫೋಟೋ ಬೇಕೆಂದರು. ಐಲರ್ಟ್‌ನ ಬಾಯಿ ಬಲಗಡೆ ಮುಚ್ಚುವುದಿಲ್ಲ. ಫೋಟೋದವನ ಮುಂದೆ ಗಂಡನ ಗಲ್ಲವನ್ನು ಬೆರಳಿಂದ ಎತ್ತಿ ಹಿಡಿದು, ಬೆರಳು ಕಾಣದ ಹಾಗೆ ನಿಲ್ಲಲು ಅವಳು ಮುಕ್ಕಾಲು ಗಂಟೆ ಒದ್ದಾಡಿದ್ದಳು.

ಲಕೋಟೆ ಒಡೆದಳು. ವರದಿ ಎರಡನೇ ಸಲ ವಾಪಸು ಬಂದಿತ್ತು. ಎರಡು ವಾರದೊಳಗೆ ಸರಿಪಡಿಸಿ ಕಳಿಸದಿದ್ದರೆ ಹೊರಗಿನ ಪಾಲಕರೊಬ್ಬರನ್ನು ನೇಮಿಸುವ ವಿಚಾರ ಮಾಡಲಾಗುವುದು. ಎಲ್ಲಿ ಇರಬೇಕು, ಯಾರು ನೋಡಬೇಕು ಎಂದು ಇನ್ನು ಮೇಲೆ ಐಲರ್ಟ್‌ನ ಮುಖವನ್ನೇ ನೋಡದ ಯಾರೋ ಹೇಳುವುದು. ಕೋರ್ಟಿಗೆ ಫೋನು ಹಚ್ಚಿದಳು.

"ಏಳನೇ ಪ್ರಶ್ನೆ, ಯಾನ್ಸೆನ್ ಅವರೇ," ಎಂದಳು ಆ ಕಡೆಯ ಅಧಿಕಾರಿಣಿ. ದನಿ ಚಿಕ್ಕ ವಯಸ್ಸಿನದು, ಒರಟೇನಲ್ಲ. "ಅವರು ಎಲ್ಲಿರೋಕೆ ಇಷ್ಟಪಡ್ತಾರೆ ಅಂತ ಕೇಳಿದ್ದೀವಿ. ನೀವು 'ಮೊದಲಿನಂತೆಯೇ' ಅಂತ ಬರೆದಿದ್ದೀರಿ."

"ಮೊದಲಿನಂತೇನೇ ಇದಾನಲ್ಲ."

"ಅದು ನಿಮ್ಮ ಮಾತು. ನಮಗೆ ಅವರ ಮಾತು ಬೇಕು."

"ಅವನಿಗೆ ಮಾತೇ ಇಲ್ಲ ಕಣಮ್ಮ."

"ಏನಾದ್ರೂ ಬೇಕಂದ್ರೆ ಹೇಗೆ ತಿಳಿಸ್ತಾರೆ?"

"ಎಡಗೈ ಒತ್ತುತ್ತಾನೆ. ಹೌದಂದ್ರೆ ಒಂದ್ಸಲ, ಇಲ್ಲ ಅಂದ್ರೆ ಎರಡ್ಸಲ. ಚಹಾ ಬೇಕಾ, ಕಿಟಕಿ ಮುಚ್ಲಾ, ಇಂಥವಕ್ಕೆಲ್ಲ."

"ಹಾಗಾದ್ರೆ ಇದನ್ನೂ ಕೇಳಬಹುದಲ್ವಾ? ಯಾವತ್ತಾದ್ರೂ ಕೇಳಿದ್ದೀರಾ?"

ಕೇಳುವುದೆಂದರೇನು? ತಮ್ಮ ಕಡೆ ಗಂಡನನ್ನು ಹಾಗೆಲ್ಲ ಕೇಳುತ್ತಾರೆಯೇ? ಬೇಸರವಿದ್ದರೆ ಅವನೇ ಮುಖ ತಿರುಗಿಸುತ್ತಾನೆ. ಥೇಡಾ ಫೋನು ಇಟ್ಟಳು.

ಐಲರ್ಟ್ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದ. ಏರಿಯ ಮೇಲೆ ಕುರಿಗಳು ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಅವಳು ಚಹಾ ಬಸಿದು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕುಳಿತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಕೋರ್ಟಿನವರು ನಿನ್ನ ಕೇಳಂತ ಕೂತಿದ್ದಾರೆ. ದೊಡ್ಡ ಮನುಷ್ಯ ಆಗ್ಬಿಟ್ಟಿದ್ದೀಯಪ್ಪ." ಅವನ ಎಡಗೈ ಹಿಡಿದಳು. "ಸುಮ್ನೆ ಒಂದ್ಸಲ ಒತ್ತಿಬಿಡು, ಚಹಾ ಆರೋಗತ್ತೆ. ಇಲ್ಲೇ, ಮನೇಲೇ ಇರ್ಬೇಕು ಅಂತಿದೆಯಾ ನಿಂಗೆ?"

ಕೈ ಒತ್ತಿತು. ಸಡಿಲವಾಯಿತು. ಮತ್ತೆ ಒತ್ತಿತು.

"ತಮಾಷೆ ಬೇಡ."

ಎರಡು ಸಲ.

"ಐಲರ್ಟ್, ಸರಿಯಾಗಿ ಕೇಳಿಸ್ಕೋ. ಈ ಮನೇಲಿ, ನನ್ನ ಜೊತೆ."

ಎರಡು ಸಲ, ನಿಧಾನವಾಗಿ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ. ಅವನ ಕಣ್ಣು ಅವಳನ್ನು ಬಿಟ್ಟು ಕದಲಲಿಲ್ಲ.

ನಾಲ್ಕು ವರ್ಷ ಬೆನ್ನು ಕೊಟ್ಟು ಎತ್ತಿದ್ದು, ಒರೆಸಿದ್ದು, ಅರೆದು ಉಣಿಸಿದ್ದು ಎಲ್ಲ ಅವಳಿಗೆ ನೆನಪಾಯಿತು. ಬಾಯಿಗೆ ಬಂದದ್ದು ಮಾತ್ರ ಬೇರೆ.

"ಆರೈಕೆ ಮನೇಲಿ ಯಾರಾದ್ರೂ ಚೆಂದದ ದಾದಿ ಸಿಗ್ತಾಳೆ ಅಂತಾನಾ?"

ಅವನ ಬಾಯಿಯ ಎಡತುದಿ ಸ್ವಲ್ಪ ಮೇಲಾಯಿತು. ಎರಡು ಸಲ.

"ನಾನೇನಾದ್ರೂ ನೋವು ಮಾಡಿದ್ನಾ?"

ಎರಡು ಸಲ, ತಕ್ಷಣ.

"ಮತ್ತಿನ್ನೇನು?" ಎಂದವಳಿಗೆ ಥಟ್ಟನೆ ಹೊಳೆಯಿತು. "ಅವತ್ತು ನಾನು ಬಿದ್ನಲ್ಲ, ಅದಕ್ಕಾ?"

ಕಳೆದ ತಿಂಗಳು ಬೆಳಗ್ಗೆ ಅವನನ್ನು ಮಂಚದಿಂದ ಕುರ್ಚಿಗೆ ಎತ್ತುವಾಗ ಅವಳು ಹಿಂದಕ್ಕೆ ಬಿದ್ದಿದ್ದಳು. ಮನೆಗೆ ಬಂದು ಹೋಗುವ ದಾದಿ ತಲುಪುವವರೆಗೆ ಎರಡು ಗಂಟೆ ನೆಲದ ಮೇಲೆ ಸೊಂಟ ಹಿಡಿದುಕೊಂಡು ಮಲಗಿದ್ದಳು. ಮೇಲೆ, ಮಂಚದ ಅಂಚಿನಲ್ಲಿ, ಅವನು ಅರ್ಧ ಜಾರಿ, ಕೂಗಲಾರದೆ, ಫೋನು ಮುಟ್ಟಲಾರದೆ ಅವಳನ್ನೇ ನೋಡುತ್ತಿದ್ದ. ಆಮೇಲೆ ಇಬ್ಬರೂ ಆ ವಿಷಯ ಎತ್ತಿರಲಿಲ್ಲ. ಅವನು ಎತ್ತುವ ಹಾಗಿರಲಿಲ್ಲ, ಅವಳು ಎತ್ತುವವಳಲ್ಲ.

ಕೈ ಒಂದು ಸಲ ಒತ್ತಿತು. ಬಿಡಲಿಲ್ಲ.

"ಅದು ಆ ಹಾಳು ಚಪ್ಪಲಿ ಕಣೋ. ನಿನ್ನ ಭಾರಕ್ಕಲ್ಲ."

ಎರಡು ಸಲ.

"ನಂಗೆ ಸುಳ್ಳು ಹೇಳೋಕೂ ಬರಲ್ಲ ಅಂತೀಯಾ?"

ಒಂದು ಸಲ.

ಅವಳು ನಗಲು ಹೋಗಿ ಸೆರಗಿಲ್ಲದ ಹೆಂಗಸರು ಮಾಡುವ ಹಾಗೆ ತೋಳಿಗೇ ಮುಖ ಒರೆಸಿಕೊಂಡಳು. ಪೆನ್ನು ಏಳನೇ ಪ್ರಶ್ನೆಯ ಮುಂದೆ ನಿಂತಿತು. 'ಮನೆಯಲ್ಲಿಯೇ' ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಕೋರ್ಟಿನ ಹುಡುಗಿ ಅಷ್ಟಕ್ಕೇ ತೃಪ್ತಳು. ಲಕೋಟೆ ಬರುವುದು ನಿಲ್ಲುತ್ತದೆ, ಇವನು ಈ ಕಿಟಕಿಯ ಪಕ್ಕದಲ್ಲೇ ಇರುತ್ತಾನೆ, ಅವಳ ಜೊತೆ. ತಡೆಯಲು ಅವನಿಗೆ ಬಾಯಿಲ್ಲ. ಹಾಗೆಂದುಕೊಂಡಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

'ಆರೈಕೆ ಮನೆಗೆ ಹೋಗಲು ಬಯಸುತ್ತಾರೆ,' ಎಂದು ಬರೆದಳು. ಕೆಳಗೆ, 'ಮೂರು ಸಲ ಕೇಳಿದೆ.' ಬರೆದದ್ದನ್ನು ಅವನಿಗೆ ಓದಿ ಹೇಳಿದಳು. ಮುಂದಿನ ಚೌಕ ಪಾಲಕಿಯ ಅಭಿಪ್ರಾಯಕ್ಕೆ.

"ಇಲ್ಲಿ ನನ್ನ ಮಾತು ಬರೀಬೇಕಂತೆ. ಇವನ ಮಾತು ಕೇಳ್ಬೇಡಿ ಅಂತ ಬರೀಲಾ?"

ಎರಡು ಸಲ.

"ಭಾನುವಾರ ಭಾನುವಾರ ಬಂದು ತಲೆ ತಿಂತೀನಿ. ಆಗ ಸಾಕು ಹೋಗು ಅಂದ್ರೆ ಕೇಳಲ್ಲ. ತಿಳೀತಾ?"

ಒಂದು ಸಲ.

ಆ ಚೌಕವನ್ನು ಅವಳು ಖಾಲಿ ಬಿಟ್ಟಳು. ಅವನ ಕಣ್ಣು ಮುಚ್ಚಿತ್ತು, ಹಿಡಿದ ಕೈ ಹಿಡಿದೇ ಇತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಹಾಳೆಯನ್ನು ಇನ್ನೊಂದು ಕೈಯಿಂದಲೇ ತೊಡೆಯ ಮೇಲೆ ಮಡಿಸಲು ಹೋದಳು, ಅದು ಓರೆಯಾಗಿ ಮಡಚಿಕೊಂಡಿತು.