ಮೂರನೆಯ ಬೆರಳು

ಗಡೀಪಾರಿನ ಬಂಡಿ ಹತ್ತುವ ಮೊದಲು ಓರ್ಮೊನ್ ಅಜ್ಜ ಎಂಟು ವರ್ಷದ ಮೊಮ್ಮಗ ಜುನುಶ್‌ನ ಕೈ ಹಿಡಿದು ಕೇಳಿದ್ದು ಇಷ್ಟೇ: "ಏಳು ತಲೆಮಾರಿನ ಹೆಸರು ಹೇಳುವಾಗ ನನ್ನದನ್ನ ಬಿಡಬೇಡ ಮಗಾ." ಬಿಡುವುದಿಲ್ಲ ಎಂದು ಹುಡುಗ ಮಾತು ಕೊಟ್ಟ. ಮುನ್ನೂರು ಕುರಿ ಇದ್ದ ತಪ್ಪಿಗೆ ಅಜ್ಜ ಹೊಸ ಸರ್ಕಾರದ ಲೆಕ್ಕದಲ್ಲಿ ಜನರ ವೈರಿಯಾಗಿದ್ದರು. ಆ ಬಂಡಿಯಲ್ಲಿ ಹೋದವರು ಯಾರೂ ತಿರುಗಿ ಬರಲಿಲ್ಲ.

ಅದಾಗಿ ಇಪ್ಪತ್ತು ವರ್ಷ. ಸಾಮೂಹಿಕ ಫಾರಂನಲ್ಲಿ ಉಣ್ಣೆ ಕತ್ತರಿಸುವ ಕೆಲಸ ಮುಗಿದ ದಿನ, ಎಲ್ಲರೂ ಹುಲ್ಲಿನ ಮೇಲೆ ಮಾಂಸದ ತಟ್ಟೆಗಳ ಸುತ್ತ ಕೂತಿದ್ದರು. ಮುದುಕ ತೊಕ್ತೋರ್ ರೂಢಿಯಂತೆ ಜುನುಶ್‌ನ ಮಗಳು ಕನಿಶಾಯ್‌ಳ ಕಿವಿ ಹಿಡಿದ.

"ಏಳು ತಲೆಮಾರು ಹೇಳು, ಬಿಡ್ತೀನಿ. ಏಳು ಗೊತ್ತಿಲ್ಲದೋರು ಗುಲಾಮರು ಕಣೇ."

ಹುಡುಗಿ ಏಳು ಬೆರಳು ಚಾಚಿ, ಅಪ್ಪನ ಹೆಸರಿನಿಂದ ಶುರುಮಾಡಿ ಒಂದೊಂದೇ ಮಡಚಿದಳು. ಹೆಸರು ಮುಗಿದವು. ಒಂದು ಬೆರಳು ಉಳಿಯಿತು.

"ಅಪ್ಪಾ, ನೀನು ಕಲಿಸಿದ್ದೇ ಆರು."

ಯಾರೂ ನಗಲಿಲ್ಲ. ಬಿಟ್ಟುಹೋದ ಹೆಸರು ಯಾರದೆಂದು ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು. ಜುನುಶ್‌ಗೆ ಮಾತ್ರ ತಕ್ಷಣ ಹೊಳೆಯಲಿಲ್ಲ. ಮೊದಮೊದಲು ಹೆದರಿ ನುಂಗುತ್ತಿದ್ದ ಹೆಸರು ಅದು. ಆಮೇಲೆ ಸಿರಿವಂತರೆಲ್ಲ ರಕ್ತ ಹೀರುವವರೆಂದು ಶಾಲೆಯಲ್ಲಿ ದಿನಾ ಒಪ್ಪಿಸಿ ಒಪ್ಪಿಸಿ, ಅಜ್ಜನಿಗೆ ತಕ್ಕ ಶಾಸ್ತಿಯಾಯಿತೆಂದು ತಾನೇ ನಂಬಿಬಿಟ್ಟಿದ್ದ. ಆ ಅಜ್ಜ ತನ್ನನ್ನು ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ನರೀನ್ ಹೊಳೆ ದಾಟಿಸುತ್ತಿದ್ದದ್ದು ಈಗ, ಮಗಳ ಬೆರಳು ನೋಡುತ್ತ, ನೆನಪಾಯಿತು.

ಫಾರಂ ಅಧ್ಯಕ್ಷ ಸತಿಬಾಲ್ದಿ ಕೆಟ್ಟವನಲ್ಲ. ಪಕ್ಕದಲ್ಲಿದ್ದ ಜುನುಶ್‌ನತ್ತ ಬಾಗಿ, ಕನಿಶಾಯ್‌ಳ ವಸತಿಶಾಲೆಯ ಕಾಗದಕ್ಕೆ ನಾಳೆಯೇ ತಾನು ಸಹಿ ಹಾಕಬೇಕೆಂದು ನೆನಪಿಸಿದ.

"ಆರು ಸಾಕು ಬಿಡಯ್ಯಾ. ಸತ್ತೋರ ಹೆಸರಿಗೋಸ್ಕರ ಬದುಕಿರೋ ಮಗು ದಾರಿಗೆ ಕಲ್ಲು ಹಾಕ್ತೀಯಾ? ನಾನೂ ನಮ್ಮಪ್ಪನ ಹೆಸರು ಬಿಟ್ಟಿದೀನಿ. ಏನಾಯ್ತು?"

"ಏನಾಯ್ತು ಅಂತ ನೀವೇ ಹೇಳಿ ಅಣ್ಣಾ."



ಜುನುಶ್ ಎದ್ದು ಹೋಗಿ ಮಗಳ ಮುಂದೆ ಮಂಡಿಯೂರಿದ. ಮಡಚಿದ ಬೆರಳುಗಳನ್ನೆಲ್ಲ ಬಿಡಿಸಿದ. ಮೊದಲನೆಯದು ತಾನು, ಎರಡನೆಯದು ತನ್ನಪ್ಪ ಕಾಸಿಮ್. ಮೂರನೆಯ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇದು ಓರ್ಮೊನ್. ನಿನ್ನ ಮುತ್ತಜ್ಜ. ಜೋರಾಗಿ ಹೇಳು, ಅಧ್ಯಕ್ಷರಿಗೂ ಕೇಳಿಸ್ಲಿ."

ಅವಳು ಹೇಳಿ, ಮಿಕ್ಕ ಹೆಸರುಗಳನ್ನೂ ಸೇರಿಸಿದಳು. ಏಳೂ ಬೆರಳು ಮಡಚಿಕೊಂಡವು. ತೊಕ್ತೋರ್ ಕಿವಿ ಬಿಟ್ಟ.

ಮರುದಿನ ಕಾಗದಕ್ಕೆ ಸಹಿ ಬೀಳಲಿಲ್ಲ. ಅಜ್ಜನಿಗೆ ಕೊಟ್ಟ ಮಾತು ಉಳಿಯಿತು.